ಮಲಗಿದ ಕೂಸು, ಕಾಣೆಯಾದ ಹತ್ತಿ

೧೯೮೬ ನವೆಂಬರ್ ೩, ಸೋಮವಾರ

ಹತ್ತಿ ಮತ್ತೆ ಕಡಿಮೆಯಾಗಿದೆ. ಶುಕ್ರವಾರ ಬೀರುವಿನಲ್ಲಿ ಒಂಬತ್ತು ಸುರುಳಿ ಇಟ್ಟು ಬೀಗ ಹಾಕಿ ಹೋಗಿದ್ದೆ; ಇವತ್ತು ಬೆಳಿಗ್ಗೆ ನೋಡಿದರೆ ಏಳು. ಬೀಗದ ಕೈ ಇರುವುದು ಎರಡೇ. ಒಂದು ನನ್ನ ಕೊರಳಲ್ಲಿ, ಇನ್ನೊಂದು ಗೋಡೆಯ ಮೊಳೆಗೆ. ಆ ಮೊಳೆಯ ಕೆಳಗೆ ದಿನಕ್ಕೆರಡು ಸಲ ನೆಲ ಒರೆಸುವವಳು ಮಬ್ರೂಕಾ. ಇನ್ನು ಬೇರೆ ಹೇಳಬೇಕೆ?

“ಮಬ್ರೂಕಾ, ಹತ್ತಿ ಏನಾಯ್ತು?”

“ಹತ್ತಿನಾ ಲಲ್ಲಾ? ಇಲಿ ಎಳ್ಕೊಂಡು ಹೋಗಿರ್ಬೇಕು.”

“ಬೀಗ ತೆಗ್ದು, ಎಳ್ಕೊಂಡು ಹೋಗಿ, ವಾಪಸ್ ಬೀಗ ಹಾಕೋ ಇಲಿನಾ?”

“ಈಗಿನ ಇಲಿಗಳನ್ನ ನಂಬೋ ಹಾಗಿಲ್ಲ ಲಲ್ಲಾ.”

ಒಂದು ಕೈಯನ್ನು ಸೊಂಟಕ್ಕೆ ಊರಿಕೊಂಡು ನಿಧಾನವಾಗಿ ಎದ್ದು ಬಕೆಟ್ ಎತ್ತಿಕೊಂಡು ಹೋದಳು. ನಾಲ್ಕು ವರ್ಷದ ಹಿಂದೆ ಗಂಡ ಸತ್ತ ಮೇಲೆ ನಾನೇ ಕರೆದು ಕೆಲಸ ಕೊಡಿಸಿದವಳು. ಮಕ್ಕಳಿಲ್ಲ, ಮರಿಯಿಲ್ಲ. ಸಂತೆಯಲ್ಲಿ ದಿಂಬು ಹೊಲಿಯುವವನಿಗೆ ಮಾರುತ್ತಿದ್ದಾಳೆ ಎಂದು ನನ್ನ ಅನುಮಾನ. ನಮ್ಮೂರು ಐನ್ ಲೌಝ್‌ನ ಈ ಹೆರಿಗೆ ಕೇಂದ್ರಕ್ಕೆ ಡಾಕ್ಟರು ಬರುವುದು ಗುರುವಾರ ಮಾತ್ರ. ಉಳಿದ ದಿನ ಸೂಲಗಿತ್ತಿಯೂ ನಾನೇ, ಕಾವಲುಗಾರ್ತಿಯೂ ನಾನೇ, ಊರವರು ಗೌರವಕ್ಕೆ ಕರೆಯುವ ‘ಲಲ್ಲಾ’ನೂ ನಾನೇ. ಎಲ್ಲರನ್ನೂ ಅನುಮಾನಿಸುತ್ತೀಯ ಎಂದು ಅಮ್ಮ ಬೈಯುತ್ತಾಳೆ. ಅನುಮಾನಿಸದಿದ್ದರೆ ಇಲ್ಲಿ ಮಂಚದ ಕಾಲೂ ಉಳಿಯುತ್ತಿರಲಿಲ್ಲ.

ನವೆಂಬರ್ ೬, ಗುರುವಾರ

ಡಾಕ್ಟರು ತಡವಾಗಿ ಬಂದು ಬೇಗ ಹೋದರು. ಅವರು ಹೋಗುವುದನ್ನೇ ಕಾಯುತ್ತಿದ್ದವಳಂತೆ ಊರಿನ ಮುದುಕಿ ತೂದಾ ಒಳಗೆ ಬಂದಳು, ಇಟ್ಟೊ ಎಂಬ ಸೊಸೆಯನ್ನು ಮುಂದೆ ತಳ್ಳಿಕೊಂಡು.

“ಮಗಳೇ ಬತೂಲ್, ಒಳ್ಳೆ ಸುದ್ದಿ. ಕೂಸು ಎದ್ದಿದೆ.”

“ಯಾವ ಕೂಸು ದೊಡ್ಡಮ್ಮ?”

“ನನ್ನ ಮಗ ಅಸ್ಸೂ ಹೋಗೋವಾಗ ಬಿಟ್ಟು ಹೋಗಿದ್ದು. ಮಲಗಿತ್ತಲ್ಲ. ಇವಳನ್ನ ಹಮಾಮಿನ ಬಿಸಿನೀರ ಕೋಣೇಲಿ ಕೂರಿಸಿ, ಮಸಾಲೆ ಕಷಾಯ ಕುಡಿಸ್ದೆ. ಎದ್ಬಿಡ್ತು.”

ಅಸ್ಸೂ ಬ್ರಸೆಲ್ಸ್‌ಗೆ ಗಾರೆ ಕೆಲಸಕ್ಕೆ ಹೋಗಿ ಎರಡು ವರ್ಷ ಎರಡು ತಿಂಗಳಾಯಿತು. ಕಾಗದಪತ್ರ ಸರಿಯಿಲ್ಲದೆ ಒಂದು ಸಲವೂ ಬಂದಿಲ್ಲ. ಇಟ್ಟೊಳ ಹೊಟ್ಟೆ ಮುಟ್ಟಿ ನೋಡಿದೆ. ಸರಿಯಾಗಿ ಐದು ತಿಂಗಳ ಬೆಳವಣಿಗೆ. ಹುಡುಗಿ ಚಾವಣಿ ನೋಡುತ್ತ ಮಲಗಿದ್ದಳು, ನನ್ನ ಮುಖ ನೋಡಲಿಲ್ಲ.

ಗಂಡ ದೂರ ಹೋದರೆ, ಇಲ್ಲವೇ ಸತ್ತರೆ, ಹೊಟ್ಟೆಯ ಕೂಸು ದುಃಖಕ್ಕೆ ಮಲಗಿಬಿಡುತ್ತದೆ. ವರ್ಷಗಟ್ಟಲೆ ಮಲಗಿದ್ದು ಹೊತ್ತು ಬಂದಾಗ ಎದ್ದು ಬೆಳೆಯುತ್ತದೆ. ನಮ್ಮ ಹಿರಿಯರೆಲ್ಲ ನಂಬಿದ್ದು ಇದನ್ನೇ. ನಾನು ರಾಜಧಾನಿ ರಬಾತ್‌ನಲ್ಲಿ ಮೂರು ವರ್ಷ ಸೂಲಗಿತ್ತಿಯ ವಿದ್ಯೆ ಓದಿ ಬಂದವಳು. ಬಸುರಿಯ ಚೀಟಿ ತೆಗೆದು “ಕೊನೆಯ ಮುಟ್ಟಿನ ದಿನ” ಎಂಬ ಜಾಗದ ಮೇಲೆ ಪೆನ್ನು ಇಟ್ಟೆ.

“ಅಸ್ಸೂ ಹೋದ ತಿಂಗಳು ಅಂತ ಬರ್ಕೋ” ಅಂದಳು ತೂದಾ.

“ಹಾಗೆ ಬರಿಯೋಕಾಗಲ್ಲ.”

“ಯಾಕಾಗಲ್ಲ? ಗಣಿಯಿಂದ ನಿಮ್ಮಪ್ಪ ಸತ್ತ ಸುದ್ದಿ ಬಂದಾಗ ನಾನು ನಿಮ್ಮಮ್ಮನ ಪಕ್ಕದಲ್ಲೇ ಕೂತಿದ್ದೆ. ಫ್ರೆಂಚರು ನಮ್ಮ ಸುಲ್ತಾನರನ್ನ ದೇಶದಾಚೆ ಹೊತ್ಕೊಂಡು ಹೋದ ವಾರ ಅದು. ನನಗೆ ಎಲ್ಲಾ ನೆನಪಿದೆ ಮಗಳೇ.”

ಎಲ್ಲಿಯ ಮಾತು ಎಲ್ಲಿಗೆ. ಮುದುಕಿ ಮಾತು ಮರೆಸುತ್ತಿದ್ದಾಳೆ. ಆ ಜಾಗವನ್ನು ಖಾಲಿ ಬಿಟ್ಟು ಕಳಿಸಿದೆ.

ನವೆಂಬರ್ ೭, ಶುಕ್ರವಾರ

ಮನೆಯಲ್ಲಿ ಅಮ್ಮ ಕುಸ್ಕುಸ್ ರವೆಯನ್ನು ಕೈಯಲ್ಲಿ ಉದುರಿಸುತ್ತಿದ್ದಳು. ಇಟ್ಟೊಳ ವಿಷಯ ಹೇಳಿ ನಕ್ಕೆ. ಅಮ್ಮ ನಗಲಿಲ್ಲ. ಅವಳ ಕೈ ಒಂದು ಗಳಿಗೆ ನಿಂತಿತು, ಮತ್ತೆ ಉದುರಿಸತೊಡಗಿತು.

“ನಿಂಗೇನು ಕಷ್ಟ ಅದರಿಂದ?” ಅಂದಳು.

“ಸುಳ್ಳು ಅಮ್ಮ ಅದು.”

“ಯಾರಿಗಾದ್ರೂ ಚುಚ್ಚುತ್ತಾ?”

ಚುಚ್ಚುತ್ತದೆ ಅಂದೆ. ತರಬೇತಿಯಲ್ಲಿದ್ದಾಗ ಒಬ್ಬಳನ್ನು ಕರೆತಂದಿದ್ದರು. ಆರು ವರ್ಷದಿಂದ ಮಲಗಿದ ಕೂಸು ಹೊತ್ತಿದ್ದೇನೆ ಎಂದು ನಂಬಿದವಳು. ಹೊಟ್ಟೆಯಲ್ಲಿದ್ದದ್ದು ಗಡ್ಡೆ. ಆರು ವರ್ಷ ಯಾರಿಗೂ ತೋರಿಸಿರಲಿಲ್ಲ. ಮೂರನೇ ದಿನ ತೀರಿಕೊಂಡಳು. ಸಾಯುವ ಹಿಂದಿನ ದಿನವೂ ನನ್ನ ಕೈ ಹಿಡಿದು, ಹೆಣ್ಣೋ ಗಂಡೋ ಎಂದು ಕೇಳಿದ್ದಳು. ಅವತ್ತೇ ನಿರ್ಧರಿಸಿದ್ದೆ, ಈ ಮಾತು ನನ್ನ ಕಿವಿಗೆ ಬಿದ್ದಲ್ಲಿ ಸುಮ್ಮನಿರುವುದಿಲ್ಲ ಎಂದು. ಫ್ರೆಂಚರು ಹೋಗಿ ಸ್ವಾತಂತ್ರ್ಯ ಬಂದ ತಿಂಗಳಲ್ಲಿ ಹುಟ್ಟಿದವಳು ನಾನು. ಬಾಯಿ ಮುಚ್ಚಿಕೊಂಡಿರುವುದು ನನಗೆ ಬರುವುದಿಲ್ಲ.

ಮಧ್ಯಾಹ್ನ ಅಮ್ಮ ಬಡಿಸಿದ ಸಾರಿನಲ್ಲಿ ಉಪ್ಪೇ ಇರಲಿಲ್ಲ.

ನವೆಂಬರ್ ೧೫

ಕೂಸಿನ ಅಪ್ಪ ಯಾರಿರಬಹುದು? ಒಲೆಮನೆಯ ಅಲ್ಲಾಲ್ ಮೇಲೆ ನನ್ನ ಕಣ್ಣು. ರೊಟ್ಟಿ ಸುಡಿಸಿಕೊಳ್ಳಲು ಇಟ್ಟೊ ದಿನಾ ಅಲ್ಲಿಗೆ ಹೋಗುತ್ತಾಳೆ, ನಮ್ಮ ರೊಟ್ಟಿ ಸೀದಾಗಲೂ ಅವಳದು ಹದವಾಗಿ ಬೆಂದಿರುತ್ತದೆ. ಅಥವಾ ಊರಿನ ಬಾಡಿಗೆ ಕಾರಿನವನು. ಇವತ್ತು ಅಲ್ಲಾಲ್‌ನನ್ನು ಸುಮ್ಮನೆ ಕೆಣಕಿದೆ: “ತೂದಾ ಮನೆ ರೊಟ್ಟಿಗೆ ಮಾತ್ರ ನಿನಗೆ ಭಾರಿ ಪ್ರೀತಿಯಪ್ಪ.”

“ಅವಳು ಹಿಟ್ಟು ಚೆನ್ನಾಗಿ ನಾದ್ತಾಳೆ ಲಲ್ಲಾ. ನೀವು ಸಿಟ್ಟಿನಲ್ಲಿ ನಾದ್ತೀರಿ” ಅಂದ.

ಅಲ್ಲಿದ್ದವರೆಲ್ಲ ನಕ್ಕರು. ಅವನ ಕಿವಿ ಕೆಂಪಾದದ್ದು ನಾಚಿಕೆಗೋ ಒಲೆಯ ಬಿಸಿಗೋ, ತಿಳಿಯಲಿಲ್ಲ.

ಹತ್ತಿ: ಆರು ಸುರುಳಿ.

ನವೆಂಬರ್ ೨೦

ಇಟ್ಟೊ ಒಬ್ಬಳೇ ಬಂದಿದ್ದಳು. ಕಾಲು ಊದಿದೆ ಎಂದು. ಬಾಗಿಲು ಹಾಕಿ ನೇರವಾಗಿ ಕೇಳಿದೆ.

“ಯಾರದ್ದು?”

“ನಾನು ಏನು ಹೇಳಿದ್ರೂ ನೀವು ನಂಬಲ್ಲ.”

“ನಂಬೋ ಹಾಗಿರೋದು ಹೇಳು.”

“ನಮ್ಮತ್ತೆ ಒಂದು ಮಾತೂ ಕೇಳಲಿಲ್ಲ ಲಲ್ಲಾ. ಹೊಟ್ಟೆ ನೋಡಿದ್ರು, ಬಾಗಿಲು ಹಾಕ್ಕೊಂಡು ಒಂದು ಹೊತ್ತು ಅತ್ರು. ಆಮೇಲೆ ನನ್ನ ಕೈ ಹಿಡ್ಕೊಂಡು ಹಮಾಮಿಗೆ ಕರ್ಕೊಂಡು ಹೋದ್ರು, ಎಲ್ಲರ ಮುಂದೆ. ಅವರು ಕೇಳದೇ ಇರೋದನ್ನ ನೀವ್ಯಾಕೆ ಕೇಳ್ತೀರಿ?”

“ಅಸ್ಸೂ ಒಪ್ಪದಿದ್ರೆ?”

“ಅವರು ಬಿಟ್ರೆ ನಮ್ಮಣ್ಣ ಬಾಗಿಲು ತೆಗಿಯಲ್ಲ. ಆಮೇಲೆ ಹಾದರದ ಕೇಸು ಅಂತ ಪೊಲೀಸ್ ಠಾಣೆ, ಇಲ್ಲಾ ಕಾಸಾ ಪಟ್ಟಣದ ಬೀದಿ. ಇದು ಹುಟ್ಟಿದ್ರೆ ಇದಕ್ಕೂ ಅದೇ ಬೀದಿ.” ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. “ನಿಮ್ಮ ಚೀಟೀಲಿ ಏನು ಬರೀತೀರೋ ಅದರ ಮೇಲಿದೆ ನನ್ನ ಹಣೆಬರಹ.”

ಅಳು ಉಪಯೋಗಿಸುತ್ತಾಳೆ, ಜಾಣೆ. ಚೀಟಿಯ ಮೇಲೆ ನಾನು ಸತ್ಯವನ್ನೇ ಬರೆಯುತ್ತೇನೆ. ಆದರೂ ಇವತ್ತು ಬರೆಯಲಿಲ್ಲ. ಪೆನ್ನಿನ ಮಸಿ ಒಣಗಿತ್ತು.

ಡಿಸೆಂಬರ್ ೨, ಮಂಗಳವಾರ

ಅಸ್ಸೂಗೆ ಕಾಗದ ಬರೆದೆ. ಒಂದೇ ಪುಟ. ವೈದ್ಯಶಾಸ್ತ್ರದ ಪ್ರಕಾರ ಬಸುರು ಒಂಬತ್ತು ತಿಂಗಳು, ಅದಕ್ಕಿಂತ ಹೆಚ್ಚು ಯಾವ ಕೂಸೂ ಒಳಗೆ ಇರುವುದಿಲ್ಲ, ಇಷ್ಟೇ. ಯಾರ ಹೆಸರೂ ಇಲ್ಲ. ಸಂಜೆ ಚಹಾ ಕುಡಿಯುತ್ತ ಅಮ್ಮನಿಗೆ ಓದಿ ಹೇಳಿದೆ.

ಅಮ್ಮ ಲೋಟ ಕೆಳಗಿಟ್ಟಳು. “ಗೋಡೆ ಮೇಲಿರೋ ನಿಮ್ಮಪ್ಪನ ಫೋಟೊ ತೆಗಿ” ಅಂದಳು.

“ಯಾಕೆ?”

“ತೆಗಿ ಅಂದೆ. ಹಿಂದುಗಡೆ ಬರೆದಿದೆ. ನನಗೆ ಓದು ಬರಲ್ಲ, ನೀನು ಓದಿದೋಳಲ್ಲವಾ? ಓದು.”

ಫೋಟೊದ ಹಿಂದೆ ಗಣಿ ಕಂಪನಿಯವರು ಅಂಟಿಸಿದ ಚೀಟಿ. ಅಪ್ಪನ ಹೆಸರು, ಸುರಂಗದ ಸಂಖ್ಯೆ, ಸತ್ತ ದಿನ. ೧೯೫೩ ಆಗಸ್ಟ್.

ನಾನು ಹುಟ್ಟಿದ್ದು ೧೯೫೬ರ ಮಾರ್ಚ್‌ನಲ್ಲಿ.

ಡಿಸೆಂಬರ್ ೩

ಬರೆಯುವುದಕ್ಕೆ ಏನೂ ಇಲ್ಲ.

ಡಿಸೆಂಬರ್ ೯

ಒಂದು ಹೆರಿಗೆ. ಹೆಣ್ಣು. ತಾಯಿ, ಮಗು ಸುಖ.

ಡಿಸೆಂಬರ್ ೧೩

ಅಪ್ಪ ನಾನು ಹುಟ್ಟುವ ಮುಂಚೆ ಸತ್ತ ಎಂದು ಗೊತ್ತಿತ್ತು. ಎಷ್ಟು ಮುಂಚೆ ಎಂದು ಒಂದು ಸಲವೂ ಕೇಳಿರಲಿಲ್ಲ. ಹತ್ತಿ ಎಣಿಸುವವಳು, ಸಾಬೂನು ಎಣಿಸುವವಳು, ಊರಿನ ಹೆಂಗಸರ ತಿಂಗಳೆಲ್ಲ ಬೆರಳ ಮೇಲೆ ಎಣಿಸುವವಳು. ಇದೊಂದನ್ನು ಎಣಿಸಲಿಲ್ಲ. ಅಜ್ಜಿ ನನ್ನನ್ನು “ನಿದ್ದೆಪುಟ್ಟಿ” ಎಂದು ಕರೆಯುತ್ತಿದ್ದಳು. ಬೆಳಿಗ್ಗೆ ತಡವಾಗಿ ಏಳುತ್ತಿದ್ದೆನಲ್ಲ, ಅದಕ್ಕೆ ಎಂದುಕೊಂಡಿದ್ದೆ.

ಊರಿಗೆಲ್ಲ ಗೊತ್ತು. ಅಲ್ಲಾಲ್‌ಗೂ ಗೊತ್ತಿರಬೇಕು. ಅವತ್ತು ಒಲೆಮನೆಯಲ್ಲಿ ನಕ್ಕವರು ಯಾವುದಕ್ಕೆ ನಕ್ಕರೋ. ಮೂವತ್ತು ವರ್ಷ ಒಂದು ಊರು ಪೂರ್ತಿ ನನ್ನೆದುರಿಗೆ ಬಾಯಿ ಮುಚ್ಚಿಕೊಂಡಿತ್ತು, ನನಗೆ ಅನುಮಾನವೇ ಬರಲಿಲ್ಲ. ಬೀದಿಯಲ್ಲಿ ಈಗ ಯಾರು ನಮಸ್ಕರಿಸಿದರೂ ಮುಖ ಹುಡುಕುತ್ತೇನೆ. ಅರವತ್ತು ದಾಟಿದ ಗಂಡಸರ ಮೂಗು, ಗದ್ದ ನೋಡುತ್ತೇನೆ. ಇವತ್ತು ಮಸೀದಿಯ ಮುಂದೆ ಗೋಣಿ ಹೊಲಿಯುವ ಮುದುಕನ ಹುಬ್ಬು ನೋಡಿ ನನ್ನ ಹುಬ್ಬು ಮುಟ್ಟಿಕೊಂಡೆ. ಅವಮಾನ, ಸಿಟ್ಟು, ಎರಡೂ.

ಡಿಸೆಂಬರ್ ೧೮

ಕೇಳಿಯೇಬಿಟ್ಟೆ.

“ಯಾರಮ್ಮ ಅದು?”

ಅಮ್ಮ ಉಣ್ಣೆ ಬಾಚುತ್ತಿದ್ದಳು. “ನೀನು ಮಲಗಿದ್ದೆ” ಅಂದಳು.

“ಅಮ್ಮ, ನಾನು ಸೂಲಗಿತ್ತಿ.”

“ನಿಮ್ಮಜ್ಜಿ ಹನ್ನೊಂದು ಹೆತ್ತೋಳು. ಅವಳಿಗೆ ತಿಂಗಳು ಎಣಿಸೋಕೆ ಬರ್ತಿರಲಿಲ್ವಾ? ಮಗ ಸತ್ತು ಎರಡು ವರ್ಷದ ಮೇಲೆ ಸೊಸೆ ಹೊಟ್ಟೆ ಮುಂದೆ ಬಂದಿದೆ. ಊರ ಹೆಂಗಸರೆಲ್ಲ ಸೇರಿದಾರೆ, ನನ್ನ ಗಂಟುಮೂಟೆ ಬಾಗಿಲಾಚೆ ಇದೆ. ಅವಳು ಎದ್ದು ಬಂದು ನನ್ನ ಹೊಟ್ಟೆ ಮೇಲೆ ಕೈ ಇಟ್ಟು ಹೇಳಿದ್ಲು, ಇದು ನನ್ನ ಮಗಂದು, ಮಲಗಿತ್ತು, ಈಗ ಎದ್ದಿದೆ, ಯಾರಿಗಾದ್ರೂ ಅನುಮಾನ ಇದ್ರೆ ನನ್ನ ಮುಖ ನೋಡಿ ಹೇಳಿ ಅಂತ. ಯಾರೂ ನೋಡಲಿಲ್ಲ. ಅವತ್ತು ನಿನ್ನಂಥ ಓದಿದೋಳು ಒಬ್ಬಳು ಅಲ್ಲಿದ್ದಿದ್ರೆ, ನೀನು ಇವತ್ತು ಇಲ್ಲಿ ಕೂತು ನನ್ನನ್ನ ಕೇಳ್ತಿರಲಿಲ್ಲ.”

“ಅದರಲ್ಲಿ ನಿನಗೇ ನಂಬಿಕೆ ಇದೆಯಾ?”

ಅಮ್ಮ ಬಾಚಣಿಗೆಯಿಂದ ಉಣ್ಣೆ ಬಿಡಿಸಿದಳು. “ಮೂವತ್ತು ವರ್ಷ ಹೇಳಿದ ಮೇಲೆ ಬೇರೆ ಥರ ಹೇಗಿತ್ತು ಅನ್ನೋದೇ ಮರೆತು ಹೋಗುತ್ತೆ ಬತೂಲ್.”

ಅಸ್ಸೂಗೆ ಬರೆದ ಕಾಗದ ಇನ್ನೂ ಕೈಚೀಲದಲ್ಲೇ ಇದೆ. ಅಂಚೆಚೀಟಿ ಅಂಟಿಸಿಲ್ಲ.

೧೯೮೭ ಜನವರಿ ೧೪

ಕಳ್ಳಿ ಸಿಕ್ಕಿದಳು. ಬೀರುವಿನ ಬಾಗಿಲಿಗೆ ಕಪ್ಪು ದಾರ ಕಟ್ಟಿಟ್ಟಿದ್ದೆ. ಮಧ್ಯಾಹ್ನ ನಮಾಜಿನ ಹೊತ್ತಿಗೆ ಬೇಕೆಂದೇ ಹೊರಗೆ ಹೋಗಿ ಹಿಂದಿನ ಬಾಗಿಲಿನಿಂದ ಬಂದೆ. ದಾರ ಹರಿದಿತ್ತು. ಮಬ್ರೂಕಾಳ ಅಂಗಿಯೊಳಗೆ ಒಂದು ಸುರುಳಿ ಹತ್ತಿ.

“ನಾಚಿಕೆ ಆಗಲ್ವಾ? ಬಾಣಂತಿಯರ ಹತ್ತಿ ಇದು.”

“ತಪ್ಪಾಯ್ತು ಲಲ್ಲಾ. ಮನೆಗೆ ಬೇಕಿತ್ತು.”

“ಮನೇಲಿ ಒಬ್ಬಳೇ ಇರೋಳಿಗೆ ಇಷ್ಟು ಹತ್ತಿ ಯಾಕೆ?”

ಅವಳ ಮುಖ ಸುಣ್ಣದಂತೆ ಬಿಳಿಚಿತ್ತು, ಗೋಡೆ ಹಿಡಿದು ನಿಂತಿದ್ದಳು. ಸಿಕ್ಕಿಬಿದ್ದವರ ಮುಖ ಹಾಗೇ ಇರುತ್ತದೆ. ಕೆಲಸದಿಂದ ತೆಗೆಯುತ್ತೇನೆ ಎಂದು ಬಾಯಿಗೆ ಬಂದಿತ್ತು, ಯಾಕೋ ನುಂಗಿಕೊಂಡೆ. ಮೊಳೆಯ ಮೇಲಿದ್ದ ಬೀಗದ ಕೈಯನ್ನೂ ಕೊರಳಿಗೆ ಹಾಕಿಕೊಂಡೆ.

ಜನವರಿ ೨೯

ಇಟ್ಟೊಗೆ ಏಳು ತಿಂಗಳು ತುಂಬಿದೆ. ಎದ್ದ ಕೂಸು ಚೆನ್ನಾಗಿ ಬೆಳೆಯುತ್ತಿದೆ, ಎದೆಬಡಿತ ಜೋರು. ಕಬ್ಬಿಣಾಂಶದ ಮಾತ್ರೆ ಕೊಟ್ಟೆ. ತೂದಾ ಹೋಗುವಾಗ ನನ್ನ ಕೆನ್ನೆ ಸವರಿ ಹೋದಳು. ಏನೋ ಕೆಲಸ ಮಾಡಿಸಿಕೊಳ್ಳುವ ಉಪಾಯ ಇರಬೇಕು.

ಫೆಬ್ರವರಿ ೧೮, ಬುಧವಾರ

ಅಸ್ಸೂ ಬಂದಿದ್ದಾನೆ, ಕೊನೆಗೂ ಕಾಗದಪತ್ರ ಸರಿಯಾಗಿ. ಊರಿಗೆ ನಿನ್ನೆ ಬಂದ, ಇವತ್ತು ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತಿದ್ದ. ಬಡಕಲು ಆಳು, ಬ್ರಸೆಲ್ಸಿನ ಉದ್ದ ಕೋಟು, ಸಿಮೆಂಟಿಗೆ ಒಡೆದ ಕೈ. ಕೂರು ಅಂದರೂ ಕೂರಲಿಲ್ಲ.

“ಲಲ್ಲಾ, ನಮ್ಮಮ್ಮನ ಮಾತು ಬೇಡ. ಹಮಾಮಿನ ಹೆಂಗಸರ ಮಾತೂ ಬೇಡ. ನೀವು ಓದಿದೋರು, ಸುಳ್ಳು ಹೇಳೋರಲ್ಲ ಅಂತ ಊರೇ ಹೇಳುತ್ತೆ. ನೀವು ಹೇಳಿ. ಕೂಸು ಮಲಗುತ್ತಾ?”

“ಇಲ್ಲ ಅಂದ್ರೆ ಏನ್ಮಾಡ್ತೀಯ?”

“ನಾಳೆ ಬೆಳಿಗ್ಗೆ ಅವಳನ್ನ ಅವಳಣ್ಣನ ಮನೆ ಮುಂದೆ ಬಿಟ್ಟು ಬರ್ತೀನಿ.”

“ಹೌದು ಅಂದ್ರೆ?”

“ಹೌದು ಅನ್ನಲಿ ಅಂತಾನೇ ಬಂದಿದೀನಿ ಲಲ್ಲಾ” ಅಂದ.

ಮೇಜಿನ ಮೇಲೆ ಇಟ್ಟೊಳ ಚೀಟಿ ಇತ್ತು. ಆ ಜಾಗ ಇನ್ನೂ ಖಾಲಿ. ಒಂದೇ ಒಂದು ಮಾತು, ಇಲ್ಲ ಎಂದು. ಹತ್ತು ವರ್ಷದಿಂದ ಹೇಳಲು ಕಾದಿದ್ದ ಮಾತು.

“ನಮ್ಮಪ್ಪ ಸತ್ತಿದ್ದು ಸುಲ್ತಾನರನ್ನ ಹೊತ್ಕೊಂಡು ಹೋದ ವಾರ” ಅಂದೆ. “ನಾನು ಹುಟ್ಟಿದ್ದು ಸ್ವಾತಂತ್ರ್ಯ ಬಂದ ತಿಂಗಳು. ಎಣಿಸ್ಕೋ.”

ಬೆರಳು ಮಡಚಿ ಎಣಿಸಿದ. ಎಣಿಸಿ ನನ್ನನ್ನು ನೋಡಿದ.

“ನಾನು ಮಲಗಿದ್ದೆ ಅಸ್ಸೂ. ಎರಡು ವರ್ಷದ ಮೇಲೆ ಎದ್ದೆ. ನೋಡು, ಹೇಗಿದೀನಿ.”

ಎದೆಗೆ ಕೈ ಇಟ್ಟು ತಲೆ ಬಾಗಿಸಿದ. ಅವನ ಕಣ್ಣು ತುಂಬಿತ್ತು. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ನನಗೇ ಗೊತ್ತಿಲ್ಲ. ಬಾಗಿಲ ಹಿಂದೆ ಬಕೆಟ್ ಸದ್ದಾಯಿತು. ಮಬ್ರೂಕಾ ಕೇಳಿಸಿಕೊಳ್ಳುತ್ತಿದ್ದಳು. ಕೇಳಲಿ, ಸಾಯಂಕಾಲದೊಳಗೆ ಊರಿಗೆಲ್ಲ ಹರಡುತ್ತಾಳೆ, ಹರಡುವುದೇ ಒಳ್ಳೆಯದು ಅಂದುಕೊಂಡೆ.

ಮಾರ್ಚ್ ೨೪

ಇಟ್ಟೊಗೆ ಗಂಡುಮಗು. ಮೂರು ಕಿಲೊ ನೂರು. ತೂದಾ ಮಗುವನ್ನು ಎತ್ತಿಕೊಂಡು “ಅಸ್ಸೂನ ಗದ್ದ, ಅದೇ ಗದ್ದ” ಅಂದಳು. ಅಸ್ಸೂ ಹೊರಗೆ ನಿಂತು ಅಳುತ್ತಿದ್ದ. ನಾನೂ ಒಂದು ಸಲ ಗದ್ದ ನೋಡಿದೆ. ಮಗುವಿನ ಗದ್ದ, ಎಲ್ಲ ಮಕ್ಕಳದೂ ಹಾಗೇ ಇರುತ್ತದೆ.

ಕೊನೆಯ ಮುಟ್ಟಿನ ದಿನದ ಜಾಗದಲ್ಲಿ ಅಸ್ಸೂ ಹೋದ ತಿಂಗಳನ್ನು ಬರೆದೆ. ಮಸಿಯಲ್ಲೇ.

ಇಷ್ಟು ದಿನ ನನಗಿದ್ದ ಭಯವೆಲ್ಲ ವ್ಯರ್ಥ ಅನ್ನಿಸಿತು. ಒಂದು ಸುಳ್ಳಿಗೆ ಒಂದು ಮನೆ ಉಳಿಯಿತು, ಯಾರಿಗೂ ಏನೂ ಚುಚ್ಚಲಿಲ್ಲ. ಸಂಜೆ ಅಮ್ಮನ ಜೊತೆ ಕೂತು ಬಾದಾಮಿ ಸುಲಿದೆ.

ಮಾರ್ಚ್ ೩೦, ಸೋಮವಾರ

ಮಬ್ರೂಕಾ ಕೆಲಸ ಮುಗಿಸಿ ಹೋಗಲಿಲ್ಲ. ಕೈ ತೊಳೆದುಕೊಂಡು ಬಂದು ಪರೀಕ್ಷೆಯ ಮಂಚದ ಪಕ್ಕ ನಿಂತಳು. ಮುಖದಲ್ಲಿ ಹೊಸ ಮದುವಣಗಿತ್ತಿಯ ನಾಚಿಕೆ.

“ಲಲ್ಲಾ, ನಂದೂ ಏಳೋ ಹಾಗಿದೆ.”

“ಏನು?”

“ಗಂಡ ಹೋದಾಗಿಂದ ಒಂದು ಮಲಗಿದೆ. ಯಾರಿಗೂ ಹೇಳಿರಲಿಲ್ಲ. ಆರು ತಿಂಗಳಿಂದ ರಕ್ತ ಹೋಗ್ತಿದೆ, ಏಳೋ ಮುಂಚೆ ಹಾಗೆ ಆಗುತ್ತಂತೆ. ಅದಕ್ಕೇ ಹತ್ತಿ ತಗೊಂಡೆ, ಕ್ಷಮಿಸ್ಬಿಡಿ. ನೀವು ಇದನ್ನೆಲ್ಲ ನಂಬಲ್ಲ, ಬೈತೀರಿ ಅಂತ ಹೆದರಿಕೆ ಇತ್ತು. ನನಗೇ ಒಂದೊಂದು ಸಲ ಅನುಮಾನ ಬಂದು, ತೋರಿಸ್ಬಿಡೋಣ ಅಂತಿದ್ದೆ. ಅವತ್ತು ನೀವು ಅಸ್ಸೂಗೆ ಹೇಳಿದ್ದು ಕೇಳಿದ ಮೇಲೆ ಅನುಮಾನ ಹೋಯ್ತು.”

ಮಲಗಿಸಿ ನೋಡಿದೆ. ಕೈಗೆ ಸಿಕ್ಕಿದ್ದು ಕಲ್ಲಿನಂತೆ ಗಟ್ಟಿ.

ಆರು ತಿಂಗಳು. ನಾನು ಸುರುಳಿ ಎಣಿಸುತ್ತಿದ್ದೆ. ಅಸ್ಸೂಗೆ ನಾನು ಆ ಮಾತು ಹೇಳಿದ ಮೇಲೆ ಆರು ವಾರ.

“ಮಬ್ರೂಕಾ, ಇದು ಕೂಸಲ್ಲ” ಅಂದೆ. “ಕೂಸು ಮಲಗಲ್ಲ. ಅವತ್ತು ನಾನು ಹೇಳಿದ್ದು ಸುಳ್ಳು.”

ಅವಳು ಎದ್ದು ಕೂತು ಬಟ್ಟೆ ಸರಿಮಾಡಿಕೊಂಡಳು. ಮುಖ ಗಂಟಿಕ್ಕಿತ್ತು.

“ಹತ್ತಿ ಕದ್ದೆ ಅಂತ ಹೀಗೆ ಹೇಳ್ತಿದೀರಿ.”

“ದೇವರಾಣೆಗೂ ಇಲ್ಲ.”

“ತೂದಾ ಸೊಸೆಗೆ ಒಂದು ನ್ಯಾಯ, ನೆಲ ಒರೆಸೋಳಿಗೆ ಒಂದಾ ಲಲ್ಲಾ? ನೀವು ಮಲಗಬಹುದು, ಅವಳ ಮಗ ಮಲಗಬಹುದು, ನಂದು ಮಲಗಬಾರದು?”

ಎಷ್ಟು ಕೈ ಹಿಡಿದರೂ ನಿಲ್ಲಲಿಲ್ಲ. ಬಕೆಟ್ ಅಲ್ಲೇ ಬಿಟ್ಟು ಹೋದಳು.

ಮಾರ್ಚ್ ೩೧, ಫೆಸ್

ದೊಡ್ಡಾಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಅವಳ ಮನೆಗೆ ಹೋದೆ. ಬಾಗಿಲು ತೆಗೆಯಲಿಲ್ಲ. ಹೊರಗೆ ನಿಂತು ಗಡ್ಡೆ ಅಂದೆ, ಸಾಯ್ತೀಯ ಅಂದೆ, ಕಾಲಿಗೆ ಬೀಳ್ತೀನಿ ಅಂದೆ. ಒಂಬತ್ತರ ಬಸ್ಸು ಸಂತೆಕಟ್ಟೆಯ ಹತ್ತಿರ ಹಾರ್ನ್ ಹೊಡೆಯುತ್ತಿತ್ತು.

“ಮಬ್ರೂಕಾ” ಅಂದೆ, “ನಿನ್ನೆ ಸಿಟ್ಟಿನಲ್ಲಿ ಹೇಳ್ಬಿಟ್ಟೆ. ಅದು ಎದ್ದಿದೆ. ಆದ್ರೆ ವಯಸ್ಸಾದ ಹೊಟ್ಟೆ, ಇಲ್ಲಿ ಹೆರೋಕಾಗಲ್ಲ. ಫೆಸ್‌ಗೇ ಹೋಗ್ಬೇಕು.”

ತಕ್ಷಣ ಬಾಗಿಲು ತೆರೆಯಿತು. ಗಂಟು ಕಟ್ಟಿಯೇ ಇಟ್ಟಿದ್ದಳು.

ಬಸ್ಸಿನುದ್ದಕ್ಕೂ ಕಿಟಕಿಯ ಪಕ್ಕ ಕೂತು ಮಾತಾಡಿದಳು. ಹೆಣ್ಣಾದರೆ ನನ್ನ ಹೆಸರು ಇಡುತ್ತಾಳಂತೆ. ಗಡ್ಡೆ ತೆಗೆಯಬಹುದೋ, ತಡವಾಯಿತೋ, ಹೊಟ್ಟೆ ತೆರೆದು ನೋಡದೆ ಹೇಳಲಾಗುವುದಿಲ್ಲ ಎಂದು ಇಲ್ಲಿಯ ಡಾಕ್ಟರು ಹೇಳಿದರು. ಒಳಗೆ ಕರೆದುಕೊಂಡು ಹೋಗಿ ಎರಡು ಗಂಟೆಯಾಯಿತು. ಎದ್ದಾಗ ಅವಳು ಕೂಸೆಲ್ಲಿ ಎಂದು ಮೊದಲು ನನ್ನನ್ನೇ ಕೇಳುತ್ತಾಳೆ. ಹೇಳಬೇಕಾದವಳು ನಾನೇ.

ಒಳಗೆ ಹೋಗುವ ಮುಂಚೆ ಗಂಟು ಬಿಚ್ಚಿ ಒಂದು ಪುಟ್ಟ ದಿಂಬು ನನ್ನ ಮಡಿಲಲ್ಲಿ ಇಟ್ಟು ಹೋದಳು. ಹಸಿರು ಬಟ್ಟೆ, ಅಂಚಿಗೆ ಕೆಂಪು ದಾರದ ಹೊಲಿಗೆ.

“ಒಂದು ಸುರುಳಿ ಉಳಿದಿತ್ತು ಲಲ್ಲಾ, ಅದನ್ನ ಕೂಸಿಗೆ ದಿಂಬು ಮಾಡ್ದೆ” ಅಂದಳು. “ವಾಪಸ್ ಕೊಡ್ಬೇಕಾ?”

ಬೇಡ ಅಂದೆ.